ಕುಕ್ಕರ್ ಕೂಗದ ಮನೆಯಲ್ಲಿ ಟ್ರಂಪೆಟ್

ನಮ್ಮ ಮನೆಯಲ್ಲಿ ಕುಕ್ಕರ್ ಕೂಗುತ್ತಿರಲಿಲ್ಲ. ಮುಂಬಯಿಯ ಹೊರವಲಯದ ಡೊಂಬಿವಲಿ ಪೂರ್ವದ ಆ ಕಟ್ಟಡದಲ್ಲಿ ಬೆಳಗಾದರೆ ಕೆಳಗಿನ ಮಾಳಿಗೆಯಿಂದ ಮೇಲಿನವರೆಗೆ ಒಂದೊಂದೇ ಅಡುಗೆಮನೆ ಸೀಟಿ ಹೊಡೆಯಲು ಶುರುಮಾಡುತ್ತಿತ್ತು. ಮೂರನೇ ಮಾಳಿಗೆಯ ನಮ್ಮ ಮೂಲೆಮನೆ ಮಾತ್ರ ಸುಮ್ಮನಿರುತ್ತಿತ್ತು. ಅಮ್ಮನಿಗೆ ಅರೆತಲೆನೋವು. ಬಂದರೆ ಎರಡು ದಿನ, ಕೆಲವೊಮ್ಮೆ ಮೂರು ದಿನ ಹಾಸಿಗೆಯಿಂದ ಏಳಲು ಬಿಡದ ನೋವು. ಬೆಳಕು ಆಗದು, ಒಗ್ಗರಣೆಯ ವಾಸನೆ ಆಗದು, ಎಲ್ಲಕ್ಕಿಂತ ಹೆಚ್ಚಾಗಿ ಹೇಳದೆ ಕೇಳದೆ ಬರುವ ಶಬ್ದ ಆಗದು. ಹಾಗಾಗಿ ಕುಚ್ಚಲಕ್ಕಿ ತೆರೆದ ಪಾತ್ರೆಯಲ್ಲಿ ನಿಧಾನಕ್ಕೆ ಬೇಯುತ್ತಿತ್ತು. ಕಾಯಿ ರುಬ್ಬುವುದು ಎದುರುಮನೆಯ ಮರಾಠಿ ಚಿಕ್ಕಮ್ಮ, ಸಾವಂತ್ ಕಾಕುವಿನ ಮಿಕ್ಸಿಯಲ್ಲಿ. ಶಾಲೆಗೆ ಹೊರಡುವ ಮೊದಲು ತುರಿದ ಕಾಯಿ, ಹುರಿದ ಮೆಣಸು, ಕೊತ್ತಂಬರಿ ತುಂಬಿದ ಡಬ್ಬಿಯನ್ನು ನಾನು ಕಾಕುವಿಗೆ ಕೊಟ್ಟರೆ, ಹುಳಿಗೆ ಒಲೆ ಹಚ್ಚುವ ಹೊತ್ತಿಗೆ ಅದು ಅರೆದ ಮಸಾಲೆಯಾಗಿ ವಾಪಸು ಬರುತ್ತಿತ್ತು. ಕಿಟಕಿಗಳಿಗೆ ದಪ್ಪ ಹಸಿರು ಪರದೆ. ಕರೆಗಂಟೆಯ ತಂತಿ ಕಿತ್ತುಹಾಕಿದ್ದರಿಂದ ಬಂದವರು ಬಾಗಿಲ ಚಿಲಕವನ್ನು ಮೆಲ್ಲಗೆ ಅಲ್ಲಾಡಿಸಬೇಕಿತ್ತು. ಟಿವಿ ಇತ್ತು, ನೋಡುವುದಕ್ಕೆ, ಕೇಳುವುದಕ್ಕಲ್ಲ. ಧಾರಾವಾಹಿಗಳಲ್ಲಿ ಯಾರು ಯಾರಿಗೆ ಏನು ಹೇಳಿದರು ಅನ್ನುವುದನ್ನು ಅವರ ಬಾಯಿ ಅಲುಗುವುದನ್ನು ನೋಡಿ ಊಹಿಸುತ್ತ ನಾನು ದೊಡ್ಡವಳಾದೆ.

ಅಪ್ಪ ಕಳವಾ ಎಂಬ ಸ್ಟೇಷನ್ನಿನ ಬಳಿ ಒಂದು ಸಸ್ಯಾಹಾರಿ ಹೋಟೆಲಿನ ಪಾಲುದಾರರು. ಲೋಕಲ್ ರೈಲುಗಳ ಕಾರ್‌ಶೆಡ್ಡಿನ ಕೆಲಸಗಾರರು ನಸುಕಿನಲ್ಲೇ ಚಹಾಕ್ಕೆ ಬರುವ ಜಾಗ ಅದು. ಹೋಟೆಲಿನ ಮೇಲಿನ ಅಟ್ಟದಲ್ಲೇ ಮಲಗಿ, ವಾರಕ್ಕೊಮ್ಮೆ ಸೋಮವಾರ ಮನೆಗೆ ಬರುತ್ತಿದ್ದರು. ಉಳಿದ ದಿನ ಮನೆಯಲ್ಲಿ ನಾವಿಬ್ಬರೇ. ನೋವಿಲ್ಲದ ದಿನಗಳಲ್ಲಿ ಅಮ್ಮ ಕನ್ನಡ ವಾರಪತ್ರಿಕೆಗಳನ್ನು ಒಂದಕ್ಷರ ಬಿಡದೆ ಓದುತ್ತಿದ್ದಳು. ನೋವು ಬಂದರೆ ಅಕ್ಷರಗಳು ಅವಳ ಕಣ್ಣೊಳಗೆ ಚುಚ್ಚುತ್ತಿದ್ದವಂತೆ. ಆಗ ಓದುವ ಕೆಲಸ ನನ್ನದು. ನನ್ನದು ಇಂಗ್ಲಿಷ್ ಶಾಲೆ, ಮನೆಯ ಮಾತು ತುಳು, ಬೀದಿಯದು ಮರಾಠಿ, ಹಿಂದಿ. ಕನ್ನಡವನ್ನು ನಾನು ಕಲಿತದ್ದು ಆ ಹಸಿರು ಕತ್ತಲಲ್ಲಿ, ಅಮ್ಮನ ತಲೆದಿಂಬಿನ ಪಕ್ಕ ಕೂತು, ಅವಳಿಗೆ ಕೇಳಿಸಬೇಕು ಆದರೆ ತಾಗಬಾರದು ಅನ್ನುವಷ್ಟು ಸಣ್ಣ ದನಿಯಲ್ಲಿ ಕತೆ ಓದುತ್ತ. ಈಗಲೂ ನಾನು ಮಾತಾಡಿದರೆ ಎದುರಿನವರು ಸ್ವಲ್ಪ ಮುಂದೆ ಬಾಗುತ್ತಾರೆ.

ಇಂಥ ಮನೆಗೆ ನಾನು ಟ್ರಂಪೆಟ್ ತಂದೆ. ಬೇಕೆಂದು ತಂದದ್ದಲ್ಲ. ಎಂಟನೇ ಕ್ಲಾಸಿನಲ್ಲಿ ಶಾಲೆಯ ಬ್ಯಾಂಡಿಗೆ ಹುಡುಗಿಯರನ್ನು ಆರಿಸಿದರು. ಎಲ್ಲರಿಗೂ ಡ್ರಮ್ ಬೇಕಿತ್ತು. ಟ್ರಂಪೆಟ್ ಊದುತ್ತಿದ್ದ ಹುಡುಗಿಯ ಮನೆಯವರು ಅಗ್ಗದ ಫ್ಲ್ಯಾಟ್ ಸಿಕ್ಕಿತೆಂದು ದೂರದ ಟಿಟ್ವಾಳಾಕ್ಕೆ ಹೋಗಿಬಿಟ್ಟಿದ್ದರು, ಅವಳ ಜಾಗ ಖಾಲಿ ಬಿದ್ದಿತ್ತು. ಬ್ಯಾಂಡ್ ಕಲಿಸಲು ಕಲ್ಯಾಣಿನಿಂದ ಬರುತ್ತಿದ್ದ ಲಾರೆನ್ಸ್ ಸರ್ ಸಾಲಿನುದ್ದಕ್ಕೂ ನಡೆದು ಬಂದು ನನ್ನ ಮುಂದೆ ನಿಂತು, ಹಲ್ಲು ತೋರಿಸು ಅಂದರು. ತೋರಿಸಿದೆ. ಮುಂದಿನ ಹಲ್ಲುಗಳು ಸಮನಾಗಿದ್ದವು. ಅಷ್ಟೇ ಅರ್ಹತೆ. ತುಟಿ ಬಿಗಿಹಿಡಿದು ಊದಬೇಕೆಂದು ತೋರಿಸಿದರು. ಮೊದಲು ಗಾಳಿ ಮಾತ್ರ ಹೋಯಿತು. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಮೈದಾನದ ಆಚೆಯ ಗೋಡೆಗೆ ಬಡಿದು ಬರುವಂಥ ಸ್ವರವೊಂದು ಹೊರಟಿತು. ಅಷ್ಟು ದೊಡ್ಡ ಶಬ್ದ ನನ್ನೊಳಗಿನಿಂದ ಹಿಂದೆಂದೂ ಬಂದಿರಲಿಲ್ಲ. ಅಭ್ಯಾಸಬಲ, ತಕ್ಷಣ ಹಿಂತಿರುಗಿ ನೋಡಿದೆ, ಅಮ್ಮ ಎಲ್ಲಾದರೂ ಇದ್ದಾಳೋ ಎಂದು.

ಪೆಟ್ಟಿಗೆಯನ್ನು ಮನೆಗೆ ತಂದ ಸಂಜೆ ಅಮ್ಮ ಅದರ ಮುಚ್ಚಳ ತೆರೆದು ಬಹಳ ಹೊತ್ತು ನೋಡಿದಳು. ಹಿತ್ತಾಳೆಯ ಅಗಲ ಬಾಯಿಯ ಅಂಚಿಗೆ ಬೆರಳು ತಾಗಿಸಿದಳು.

“ಮದುವೆ ಬ್ಯಾಂಡಿನವರದ್ದಲ್ವಾ ಇದು?”

“ಹೌದು. ಆದರೆ ಇದು ಶಾಲೆಯದ್ದು.”

“ಚಂದ ಉಂಟು,” ಅಂದಳು. “ಇಲ್ಲಿ ಊದಬೇಡ ಮಗಾ.”

ಸೋಮವಾರ ಅಪ್ಪ ಬಂದಾಗ ಅದೇ ವಿಷಯ ಎದ್ದಿತು. ನಮ್ಮ ಮನೆಯಲ್ಲಿ ಜಗಳವೂ ಪಿಸುಮಾತಿನಲ್ಲೇ. ಪಾತ್ರೆ ಕುಕ್ಕುವುದಿಲ್ಲ, ಬಾಗಿಲು ಬಡಿಯುವುದಿಲ್ಲ. ಅಪ್ಪನಿಗೆ ಸಿಟ್ಟು ಬಂದಿದೆ ಎಂದು ಗೊತ್ತಾಗುತ್ತಿದ್ದದ್ದು ಅವರು ಕೊನೆಯ ಮಜ್ಜಿಗೆ ಅನ್ನ ಬೇಡ ಅಂತ ಎದ್ದಾಗ ಮಾತ್ರ.

“ಮಗಳು ಒಂದು ವಿದ್ಯೆ ಕಲಿಯುವಾಗ ಬೇಡ ಅನ್ನುವುದಾ?” ಅಪ್ಪ ಪಿಸುಗುಟ್ಟಿದರು.

“ಬೇಡ ಅಂತ ಯಾವಾಗ ಹೇಳಿದೆ? ಇಲ್ಲಿ ಬೇಡ ಅಂದೆ. ನೀವು ಸೋಮವಾರದ ಅಪ್ಪ. ಉಳಿದ ದಿನ ಈ ತಲೆಯನ್ನು ಹೊತ್ತುಕೊಂಡು ಇಲ್ಲಿ ಇರುವವಳು ನಾನು.”

ಇಬ್ಬರೂ ಸರಿ ಹೇಳುತ್ತಿದ್ದರು. ನಡುವೆ ಕೂತು ಉಣ್ಣುತ್ತಿದ್ದ ನನಗೆ ಯಾರ ಕಡೆ ಆಗುವುದೆಂದು ತಿಳಿಯಲಿಲ್ಲ. ಕೊನೆಗೆ ನಾನೇ ದಾರಿ ಕಂಡುಕೊಂಡೆ. ಟ್ರಂಪೆಟಿನ ಬಾಯಿಗೆ ಸಿಕ್ಕಿಸುವ ಬಿರಡೆಯೊಂದು ಇರುತ್ತದೆ, ಅದಕ್ಕೆ ಮ್ಯೂಟ್ ಅನ್ನುತ್ತಾರೆ. ಅದನ್ನು ಹಾಕಿ, ಮೇಲೆ ಟವೆಲು ಸುತ್ತಿ, ಕಬ್ಬಿಣದ ಕಪಾಟಿನ ಬಾಗಿಲು ತೆರೆದು ಅಮ್ಮನ ಸೀರೆಗಳ ನಡುವೆ ವಾದ್ಯದ ಬಾಯಿ ತೂರಿಸಿ ಊದುತ್ತಿದ್ದೆ. ಸೊಳ್ಳೆಯಷ್ಟು ಸದ್ದು ಬರುತ್ತಿತ್ತು. ಉಸಿರು ಎಳೆದರೆ ನುಸಿಗುಳಿಗೆಯ ವಾಸನೆ. ಶಾಲೆ ಮುಗಿದ ಮೇಲೆ ಬ್ಯಾಂಡಿನ ಹುಡುಗಿಯರೆಲ್ಲ ಕೈಬಿಟ್ಟರು. ನಾನು ಬಿಡಲಿಲ್ಲ. ಲಾರೆನ್ಸ್ ಸರ್ ತಮ್ಮದೇ ಹಳೆಯ ಟ್ರಂಪೆಟನ್ನು ನನ್ನ ಕೈಗೆ ಕೊಟ್ಟರು, ಪ್ರತಿ ಭಾನುವಾರ ಕಲ್ಯಾಣಿನ ಅವರ ಮನೆಗೆ ಹೋಗಿ ಕಲಿಯತೊಡಗಿದೆ. ಕಾಲೇಜಿನಲ್ಲಿ ಗೆಳತಿಯರು ಇರಲಿಲ್ಲವೆಂದಲ್ಲ. ಅವರು ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ ಒಟ್ಟಿಗೆ ಕೂತು ಜಗತ್ತಿನ ಎಲ್ಲದರ ಬಗ್ಗೆ ಮಾತಾಡುತ್ತಿದ್ದರು. ನಾನು ಕಾಲುಗಳ ನಡುವೆ ಪೆಟ್ಟಿಗೆ ಇಟ್ಟುಕೊಂಡು ಬಾಗಿಲ ಹತ್ತಿರ ನಿಲ್ಲುತ್ತಿದ್ದೆ. ಒಳಗೆ ಏನಿದೆ ಎಂದು ಯಾರಾದರೂ ಕೇಳಿದರೆ ಹೇಳುತ್ತಿದ್ದೆ. ಹೇಳಿದ ಮೇಲೆ ಅವರಿಗೆ ಮುಂದೆ ಕೇಳಲು ಏನೂ ಇರುತ್ತಿರಲಿಲ್ಲ. ಬೇಕಾದದ್ದನ್ನು ಹೇಳಿಕೊಳ್ಳಲು ಒಬ್ಬರೂ ಇಲ್ಲ ಅನ್ನುವುದು ಆಗ ದುಃಖ ಅನಿಸುತ್ತಿರಲಿಲ್ಲ. ಎಲ್ಲರಿಗೂ ಹೀಗೇ ಇರುತ್ತದೆ ಅಂದುಕೊಂಡಿದ್ದೆ.

ಲಾರೆನ್ಸ್ ಸರ್ ನಮ್ಮ ಕಡೆಯವರು. ಉಡುಪಿಯ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಇಗರ್ಜಿಯಲ್ಲಿ ಊದಲು ಕಲಿತು, ಮುಂಬಯಿಗೆ ಬಂದು ಸಿನಿಮಾ ಸ್ಟುಡಿಯೋಗಳಲ್ಲಿ ನುಡಿಸಿದವರು. ಒಂದೇ ಕೀಬೋರ್ಡಿನಿಂದ ಎಲ್ಲ ವಾದ್ಯ ಬರತೊಡಗಿದ ಮೇಲೆ ಆ ಕೆಲಸ ಹೋಯಿತು. ಹೆಂಡತಿ ತೀರಿಕೊಂಡಿದ್ದರು. ಮಾತಿನಲ್ಲಿ ಬಿರುಸು, ಪಾಠದಲ್ಲಿ ತಾಳ್ಮೆ. ಒಂದು ಭಾನುವಾರ ನಾನು ನುಡಿಸುವುದನ್ನು ಕೇಳಿ ಬೆನ್ನು ತಿರುಗಿಸಿ ಕಿಟಕಿಯ ಹತ್ತಿರ ನಿಂತರು.

“ಮ್ಯೂಟ್ ಹಾಕಿ ಹಾಕಿ ಆ ಸ್ವರಕ್ಕೇ ಹೆದರಿಕೆ ಕಲಿಸಿಟ್ಟಿದ್ದೀ ನೀನು.”

 ಮನೆಯ ಸಂಗತಿ ಅವರಿಗೆ ಗೊತ್ತಿತ್ತು.

ಕಾಲೇಜು ಮುಗಿದ ವರ್ಷದ ಮಳೆಗಾಲದಲ್ಲಿ ಅವರೇ ಸುದ್ದಿ ತಂದರು. ಮುಂಬಯಿಯ ಒಂದು ಆರ್ಕೆಸ್ಟ್ರಾಕ್ಕೆ ಟ್ರಂಪೆಟ್ ನುಡಿಸುವವರು ಬೇಕಾಗಿದ್ದಾರೆ, ಗಣಪತಿ ಹಬ್ಬ ಕಳೆದ ಮೇಲೆ ಆಡಿಷನ್. ಆಡಿಷನ್ನಿನಲ್ಲಿ ಇಡೀ ಕೃತಿಯನ್ನು ನುಡಿಸಲು ಹೇಳುವುದಿಲ್ಲ. ವಾದಕರು ಎಲ್ಲಿ ಎಡವುತ್ತಾರೋ ಅಂಥ ಜಾಗಗಳನ್ನೇ ಆರಿಸಿ, ಅಷ್ಟನ್ನು ಮಾತ್ರ ಕೇಳುತ್ತಾರೆ. ನನಗೆ ಬಂದದ್ದು ಒಂದು ದೊಡ್ಡ ಸಿಂಫನಿಯ ಮೊದಲ ಪುಟ. ವೇದಿಕೆಯ ತುಂಬ ಜನ ಪಿಟೀಲು, ಕೊಳಲು, ಡ್ರಮ್ ಹಿಡಿದು ಸುಮ್ಮನೆ ಕೂತಿರುವಾಗ ಟ್ರಂಪೆಟ್ ಒಂದೇ ಶುರುಮಾಡಬೇಕು. ಹಿಂದೆ ಆಸರೆಯ ಸ್ವರವಿಲ್ಲ, ಪಕ್ಕದಲ್ಲಿ ತಾಳವಿಲ್ಲ. ಕೆಳಗಿನಿಂದ ಮೆಟ್ಟಿಲು ಹತ್ತಿದ ಹಾಗೆ ಮೇಲೇರಿ ಅಲ್ಲಿ ಒಂಟಿಯಾಗಿ ನಿಂತು, ಉಸಿರು ಮುಗಿಯುವವರೆಗೆ ನಿಂತು, ಆಮೇಲೆ ಇಳಿಯಬೇಕು. ಒಂದು ನಿಮಿಷವೂ ಇಲ್ಲ. ಸರ್ ಮೊದಲ ಎರಡು ವಾರ ಟ್ರಂಪೆಟ್ ಮುಟ್ಟಲು ಬಿಡಲಿಲ್ಲ. ಹಾಡಿಸಿದರು. ಆಮೇಲೆ ಬರೀ ಮೌತ್‌ಪೀಸಿನಲ್ಲಿ ಊದಿಸಿದರು. ಆಮೇಲೆ ಟಿಕ್ ಟಿಕ್ ಎಂದು ತಾಳ ಹಿಡಿಯುವ ಮರದ ಮೆಟ್ರೋನೋಮ್ ಎದುರಿಗಿಟ್ಟು, ಆಮೆ ನಡೆದ ಹಾಗೆ ನಿಧಾನಕ್ಕೆ. ಸ್ವರಗಳೆಲ್ಲ ಕೈಗೆ ಬಂದ ಮೇಲೆ ಅವರು ಹೇಳಿದ್ದು ಇದು:

“ಸ್ವರ ಬಂತು. ಇನ್ನು ಕಷ್ಟದ ಕೆಲಸ. ಅಲ್ಲಿ ನಿನ್ನನ್ನು ಹೊರಗೆ ಕಾಯಿಸ್ತಾರೆ. ಗಂಟೆಗಟ್ಟಲೆ. ತುಟಿ ತಣ್ಣಗಾಗಿರ್ತದೆ. ಆಗ ಹೆಸರು ಕೂಗ್ತಾರೆ. ಹೋಗಿ ನಿಂತು, ಮೊದಲ ಸಲಕ್ಕೇ ನುಡಿಸಬೇಕು. ಎರಡನೇ ಸಲ ಇಲ್ಲ. ಹಾಗಾಗಿ ಮನೆಯಲ್ಲಿ ದಿನಕ್ಕೆ ಒಂದೇ ಸಲ, ಪೂರ್ತಿ ದನಿಯಲ್ಲಿ. ಮ್ಯೂಟ್ ಇಲ್ಲ, ಟವೆಲ್ ಇಲ್ಲ. ಯಾವಾಗ ಅಂತ ನಿನಗೇ ಗೊತ್ತಿರಬಾರದು.”

ಇದನ್ನು ಅಮ್ಮನಿಗೆ ಹೇಗೆ ಹೇಳುವುದೆಂದು ತಿಳಿಯದೆ ಆ ವಾರವಿಡೀ ಕಪಾಟಿನೊಳಗೇ ಊದಿದೆ. ಮುಂದಿನ ಭಾನುವಾರ ಸರ್ ನನ್ನ ಜೊತೆ ಡೊಂಬಿವಲಿಗೆ ಹೊರಟುಬಂದರು. ಚಿಲಕ ಮೆಲ್ಲಗೆ ಅಲ್ಲಾಡಿಸಿ, ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು ತುಳುವಿನಲ್ಲಿ ಮಾತು ಶುರುಮಾಡಿದರು. ಅಮ್ಮನ ಮುಖ ಅರಳಿತು. ಯಾವ ಊರು, ಯಾವ ಹೊಳೆಯ ಆಚೆ, ಯಾರ ಮನೆಯ ಹತ್ತಿರ ಎಂಬುದೆಲ್ಲ ಆಯಿತು. ಅವಲಕ್ಕಿ, ಚಹಾ ಆಯಿತು. ಆಮೇಲೆ ಸರ್ ವಿಷಯಕ್ಕೆ ಬಂದರು. ಅಮ್ಮ ತಲೆ ತಗ್ಗಿಸಿ ಪೂರ್ತಿ ಕೇಳಿದಳು.

“ನನಗೆ ಶಬ್ದ ಆಗುವುದಿಲ್ಲ ಅಂತಲ್ಲ ಮಾಸ್ಟ್ರೇ,” ಅಂದಳು. “ಯಾವಾಗ ಬರ್ತದೆ ಅಂತ ಗೊತ್ತಿಲ್ಲದೆ ಬರುವುದು ಆಗುವುದಿಲ್ಲ. ಗೊತ್ತಿದ್ರೆ ಹಲ್ಲು ಕಚ್ಚಿ ಕೂತುಕೊಳ್ತೇನೆ.”

“ಆದರೆ ಅಕ್ಕ, ಅವಳಿಗೆ ಗೊತ್ತಿರಬಾರದು. ಅದೇ ಅಭ್ಯಾಸ.”

 ಅಮ್ಮ ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು.

“ನನಗೆ ಗೊತ್ತಿರಬೇಕು, ಅವಳಿಗೆ ಗೊತ್ತಿರಬಾರದು. ಅಷ್ಟೇ ಅಲ್ವಾ? ಹಾಗಾದ್ರೆ ನಾನೇ ಕರೀತೇನೆ.”

ಸರ್ ಜೋರಾಗಿ ನಗಲು ಹೋಗಿ, ನೆನಪಾಗಿ, ಬಾಯಿಗೆ ಕೈ ಅಡ್ಡ ಹಿಡಿದರು.

ಹಾಗೆ ಶುರುವಾಯಿತು. ಟ್ರಂಪೆಟ್ ನಡುಕೋಣೆಯ ಮಂಚದ ಮೇಲೆ, ಮ್ಯೂಟ್ ಇಲ್ಲದೆ, ಬಾಯಿ ತೆರೆದುಕೊಂಡು ಬಿದ್ದಿರುತ್ತಿತ್ತು. ಅಮ್ಮ ದಿನದ ಯಾವ ಹೊತ್ತಿನಲ್ಲಿ ಬೇಕಾದರೂ ನನ್ನ ಹೆಸರು ಕರೆಯುತ್ತಿದ್ದಳು: “ಶುಭಾ, ಈಗ.” ಕರೆದ ತಕ್ಷಣ ಕೈಯಲ್ಲಿದ್ದದ್ದನ್ನು ಬಿಟ್ಟು, ನಿಂತು, ಒಂದೇ ಉಸಿರು ತೆಗೆದುಕೊಂಡು ನುಡಿಸಬೇಕು. ಪಾತ್ರೆ ತೊಳೆಯುತ್ತ ಕೈಯೆಲ್ಲ ಸೋಪಿನ ನೊರೆ ಇದ್ದಾಗ ಕರೆದಳು. ತಲೆ ಬಾಚುತ್ತ ಹಲ್ಲಿನಲ್ಲಿ ರಿಬ್ಬನ್ ಕಚ್ಚಿಕೊಂಡಿದ್ದಾಗ ಕರೆದಳು. ನೀರುದೋಸೆಯ ಮೊದಲ ತುತ್ತು ಬಾಯಿಗಿಟ್ಟಾಗ ಕರೆದು, ಬಾಯಿ ಮುಕ್ಕಳಿಸಲು ಮಾತ್ರ ಬಿಡುವು ಕೊಟ್ಟಳು. ಕರೆಯುವ ಮೊದಲು ಅಡುಗೆಕಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಮೊದಲ ದಿನ ನನ್ನ ಮೊದಲ ಸ್ವರವೇ ಒಡೆಯಿತು. ಗಂಟಲು ಕಟ್ಟಿದ ಕೋಳಿಯ ಹಾಗೆ. ಎದುರುಮನೆಯ ಬಾಗಿಲು ತೆರೆಯಿತು. ಸಾವಂತ್ ಕಾಕು ಹಣಕಿ, “ಕಾಯ್ ಗಂ, ಲಗ್ನ ಕುಣಾಚಂ?” ಎಂದು ಕೇಳಿದರು. ಯಾರ ಮದುವೆ ಎಂದು ಅವರ ಪ್ರಶ್ನೆ. ಅಮ್ಮ ತನ್ನ ಅರೆಬರೆ ಮರಾಠಿಯಲ್ಲಿ, ಮದುವೆಯಲ್ಲ ಪರೀಕ್ಷೆ, ದಿನಕ್ಕೆ ಒಂದೇ ಸಲ ಎಂದು ತಿಳಿಸಿ ಹೇಳಿದಳು. ಇಷ್ಟು ವರ್ಷ ಮಿಕ್ಸಿಯ ಸದ್ದನ್ನು ನಮಗಾಗಿ ತನ್ನ ಮನೆಯಲ್ಲಿಟ್ಟುಕೊಂಡ ಆ ಹೆಂಗಸು ಮತ್ತೆ ಏನೂ ಕೇಳಲಿಲ್ಲ.

ಅಮ್ಮನಿಗೆ ಸಂಗೀತ ಗೊತ್ತಿರಲಿಲ್ಲ. ಆದರೆ ಒಂದೇ ತುಣುಕನ್ನು ದಿನವೂ ಹಲ್ಲು ಕಚ್ಚಿ ಕೇಳಿದವರಿಗೆ ಅದು ತಿಳಿಯದೆ ಹೇಗಿರುತ್ತದೆ? ನುಡಿಸಿ ಮುಗಿದ ಮೇಲೆ ಕಣ್ಣು ತೆರೆದು ಒಂದು ಮಾತು ಹೇಳುತ್ತಿದ್ದಳು. “ಇವತ್ತು ಹತ್ತುವಾಗ ಸುಸ್ತಾಯ್ತು ನಿನಗೆ.” “ನಿನ್ನೆಯದ್ದು ದುಂಡಗಿತ್ತು.” “ಕಡೆಗೆ ಎಂತ ಅವಸರ? ಯಾರು ಓಡಿಸ್ತಿದ್ದಾರೆ?” ಅಷ್ಟು ಹೇಳಿ ಮತ್ತೆ ಸೌತೆಕಾಯಿ ಹೆಚ್ಚುವುದಕ್ಕೆ ತಿರುಗುತ್ತಿದ್ದಳು. ಮಾತು ಕಡಿಮೆಯಿದ್ದ ಆ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ಮಾಡಿದ ಕೆಲಸವೆಂದರೆ ಅದೊಂದೇ. ದಿನವಿಡೀ ಅವಳು ಯಾವಾಗ ಕರೆಯುತ್ತಾಳೋ ಎಂದು ನನ್ನ ಕಿವಿ ಅಡುಗೆಮನೆಯ ಕಡೆಗೇ ಇರುತ್ತಿತ್ತು. ಅಲ್ಲಿಯವರೆಗೆ ನನ್ನನ್ನು ಹಾಗೆ ಯಾರೂ ಕರೆದಿರಲಿಲ್ಲ.

ಗಣಪತಿ ಹಬ್ಬ ಬಂತು. ನಮ್ಮ ಗಲ್ಲಿಯ ಮಂಟಪ ಕಟ್ಟಡದ ಬುಡದಲ್ಲೇ. ತಂದ ದಿನ ಢೋಲು, ಇಟ್ಟ ದಿನಗಳಲ್ಲಿ ಸ್ಪೀಕರು, ಕಳಿಸುವ ದಿನ ಮತ್ತೆ ಢೋಲು. ಅಮ್ಮ ಪ್ರತಿ ವರ್ಷ ಈ ದಿನಗಳನ್ನು ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಹೇಗೋ ದಾಟುತ್ತಿದ್ದಳು. ಆ ವರ್ಷ ಆಗಲಿಲ್ಲ. ನೋವು ಹಿಡಿದದ್ದು ಬಿಡಲೇ ಇಲ್ಲ. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಅಪ್ಪ ಸೋಮವಾರ ಬಂದು ಡಾಕ್ಟರನ್ನು ಕರೆತಂದರು, ಸೂಜಿ ಕೊಡಿಸಿದರು, ಮಂಗಳವಾರ ಬೆಳಿಗ್ಗೆ ಹೊರಟುನಿಂತು ಬಾಗಿಲಲ್ಲಿ ನನಗೆ ಮಾತ್ರ ಕೇಳುವ ಹಾಗೆ, “ಕೆಲವು ದಿನ ಅದನ್ನು ಮುಟ್ಟಬೇಡ ಆಯ್ತಾ” ಅಂದರು. ಮುಟ್ಟುವ ಯೋಚನೆ ನನಗೂ ಇರಲಿಲ್ಲ. ಆಡಿಷನ್ನಿಗೆ ಒಂದು ವಾರವೂ ಉಳಿದಿರಲಿಲ್ಲ. ಟ್ರಂಪೆಟನ್ನು ತೊಡೆಯ ಮೇಲಿಟ್ಟುಕೊಂಡು ನಡುಕೋಣೆಯಲ್ಲಿ ಕೂತಿರುತ್ತಿದ್ದೆ. ಕರೆ ಬರುತ್ತಿರಲಿಲ್ಲ. ಹೊರಗೆ ಇಡೀ ಊರು ಸದ್ದು ಮಾಡುತ್ತಿತ್ತು. ಸದ್ದು ಮಾಡದಿರುವುದಕ್ಕೆ ಜಾಗ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ.

ಅಪ್ಪ ಹೋದ ಮೂರನೆಯ ದಿನ ಮಧ್ಯಾಹ್ನ ಒಳಗಿನಿಂದ ಅಮ್ಮನ ದನಿ ಬಂತು. ದನಿಯಲ್ಲ, ಉಸಿರು.

“ಶುಭಾ, ಈಗ.”

ಎದ್ದು ಹೋಗಿ ನೋಡಿದೆ. ಮುಖ ಗೋಡೆಗೆ ಮಾಡಿ ಮಲಗಿದ್ದಳು. ಒಂದು ಕೈ ಮಂಚದ ಕಬ್ಬಿಣವನ್ನು ಹಿಡಿದಿತ್ತು, ಅಡುಗೆಕಟ್ಟೆಯನ್ನು ಹಿಡಿಯುತ್ತಿದ್ದ ಹಾಗೇ.

“ಬೇಡ ಅಮ್ಮ.”

“ನುಡಿಸು ಮಾರಾಯ್ತಿ. ನಾನು ತಯಾರಿದ್ದೇನೆ.”

ನಾನು ನುಡಿಸಲಿಲ್ಲ. ಅವಳ ಪಕ್ಕ ಕೂತು, ಬೆರಳುಗಳನ್ನು ಒಂದೊಂದಾಗಿ ಕಬ್ಬಿಣದಿಂದ ಬಿಡಿಸಿ, ಗಂಜಿಯ ತಿಳಿಯನ್ನು ಚಮಚದಲ್ಲಿ ಕುಡಿಸಿದೆ. ಆಡಿಷನ್ ಬಿಟ್ಟುಬಿಡುತ್ತೇನೆ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು. ಸಾವಂತ್ ಕಾಕುವನ್ನು ಪಕ್ಕದಲ್ಲಿ ಕೂರಿಸಿ, ಪೆಟ್ಟಿಗೆ ಎತ್ತಿಕೊಂಡು ಡೊಂಬಿವಲಿ ಪಶ್ಚಿಮದ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಡಕ್ಕೆ ಹೋದೆ. ಇಳಿತದ ಹೊತ್ತು, ಕೆಸರು, ದೂರದಲ್ಲಿ ಮರಳಿನ ದೋಣಿಗಳು, ಆಚೆ ದಡದ ಹಸಿರು. ನಿಂತು ನುಡಿಸಿದೆ. ಸ್ವರ ಹೊರಟುಹೋಯಿತು, ಯಾವ ಗೋಡೆಯೂ ಅದನ್ನು ವಾಪಸು ಕಳಿಸಲಿಲ್ಲ. ಎಷ್ಟು ದೊಡ್ಡದು, ಎಷ್ಟು ಸಣ್ಣದು, ಏನೂ ಗೊತ್ತಾಗಲಿಲ್ಲ. ದುಂಡಗಿತ್ತೆಂದು ಹೇಳುವವರಿರಲಿಲ್ಲ. ಇನ್ನೊಮ್ಮೆ ನುಡಿಸಿದೆ, ಮತ್ತೊಮ್ಮೆ ನುಡಿಸಿದೆ. ಅದು ತಪ್ಪೆಂದು ಗೊತ್ತಿತ್ತು, ದಿನಕ್ಕೆ ಒಂದೇ ಸಲ ಎಂದಿದ್ದರು ಸರ್. ಆದರೆ ನಿಲ್ಲಿಸಿದರೆ ಅಲ್ಲಿ ನಾನೊಬ್ಬಳೇ ಉಳಿಯುತ್ತಿದ್ದೆ.

ಆಡಿಷನ್ನಿನ ದಿನ ಅಮ್ಮ ಎದ್ದು ಗೋಡೆ ಹಿಡಿದು ಬಾಗಿಲವರೆಗೆ ಬಂದಳು. ಹಣೆಗೆ ಕಟ್ಟಿದ ಬಟ್ಟೆ ಹಾಗೇ ಇತ್ತು. ಹೋಗಿ ಬಾ ಎಂದಷ್ಟೇ ಹೇಳಿದಳು. ಸರ್ ಕಲ್ಯಾಣಿನಿಂದಲೇ ಗಾಡಿ ಹತ್ತಿ ಬಂದಿದ್ದರು, ಮುಂಬಯಿಯ ಸಿ.ಎಸ್.ಟಿ. ಸ್ಟೇಷನ್ನಿನಲ್ಲಿ ಸಿಕ್ಕಿದರು. ಆರ್ಕೆಸ್ಟ್ರಾದವರ ಸಭಾಂಗಣದ ಹಿಂದಿನ ಕಾರಿಡಾರಿನಲ್ಲಿ ನನ್ನ ವಯಸ್ಸಿನ ಹುಡುಗರು ಇಂಗ್ಲಿಷಿನಲ್ಲಿ ತಮಾಷೆ ಮಾಡುತ್ತ, ಗೋಡೆ ನಡುಗುವ ಹಾಗೆ ಊದಿ ತುಟಿ ಬಿಸಿಮಾಡಿಕೊಳ್ಳುತ್ತಿದ್ದರು. ಒಬ್ಬ ನನ್ನನ್ನು ಯಾರ ಹತ್ತಿರ ಕಲಿತದ್ದು, ಎಲ್ಲಿಂದ ಎಂದೆಲ್ಲ ವಿಚಾರಿಸಿದ. ಡೊಂಬಿವಲಿ ಅಂದೆ. ಅಷ್ಟು ದೂರದಿಂದಲಾ ಅಂದ, ಒಳ್ಳೆಯ ಮನಸ್ಸಿನಿಂದಲೇ. ಒಳಗೆ ಕರೆದರು. ನುಡಿಸುವವರು ಗಂಡೋ ಹೆಣ್ಣೋ ತಿಳಿಯಬಾರದೆಂದು ವೇದಿಕೆಗೆ ಅಡ್ಡ ಕಪ್ಪು ಪರದೆ ಕಟ್ಟಿದ್ದರು. ಪರದೆಯಾಚೆಯಿಂದ ಗಂಡಸಿನ ಮೃದುವಾದ ದನಿ, ನಿಮಗೆ ಯಾವಾಗ ಸರಿ ಅನಿಸುತ್ತದೋ ಆವಾಗ ಶುರುಮಾಡಿ ಎಂದು ಇಂಗ್ಲಿಷಿನಲ್ಲಿ ಹೇಳಿತು.

ಇದಕ್ಕೆ ನಾನು ತಯಾರಿರಲಿಲ್ಲ. “ಈಗ” ಅಂದಿದ್ದರೆ ಆ ಕ್ಷಣವೇ ನುಡಿಸುತ್ತಿದ್ದೆ. ನನಗೆ ಯಾವಾಗ ಸರಿ ಅನಿಸಬೇಕು? ಟ್ರಂಪೆಟ್ ಎತ್ತಿದೆ, ಇಳಿಸಿದೆ. ಮತ್ತೆ ಎತ್ತಿದೆ. ಪರದೆಯಾಚೆ ಯಾರೋ ಕುರ್ಚಿ ಸರಿಸಿದರು, ಯಾರೋ ಸಣ್ಣಗೆ ಕೆಮ್ಮಿದರು. ಕೊನೆಗೆ ಮನಸ್ಸಿನಲ್ಲಿ ಯಾವ ಕರೆಯೂ ಇಲ್ಲದೆ, ಬರೀ ನಾಚಿಕೆಯಿಂದ, ಶುರುಮಾಡಿದೆ. ಮೊದಲ ಸ್ವರ ಒಡೆಯಲಿಲ್ಲ. ಹತ್ತುವಾಗ ಸುಸ್ತಾಗಲಿಲ್ಲ. ಮೇಲೆ ನಿಂತೆ, ಇಳಿದೆ. ಥ್ಯಾಂಕ್ ಯೂ ಅಂದಿತು ಅದೇ ದನಿ.

ಕೆಲವು ದಿನಗಳ ನಂತರ ಸರ್ ಮನೆಗೆ ಬಂದು ಸುದ್ದಿ ಹೇಳಿದರು. ಜಾಗ ಬೇರೆಯವರಿಗೆ ಸಿಕ್ಕಿತ್ತು.

“ಸ್ವರ ಸ್ವಚ್ಛ ಉಂಟಂತೆ. ಒಂದೂ ತಪ್ಪಿಲ್ಲವಂತೆ. ಆದರೆ ಚಿಕ್ಕದಂತೆ. ಹಾಲ್ ತುಂಬುವುದಿಲ್ಲವಂತೆ.” ಇಷ್ಟು ಹೇಳಿ, ಯಾರ ಮೇಲೆ ಸಿಟ್ಟೋ ಏನೋ, ಚಹಾ ಕುಡಿಯದೆ ಎದ್ದು ಹೋದರು.

ಅಮ್ಮ ಆ ಲೋಟದ ಚಹಾವನ್ನು ಚೆಲ್ಲಿ, ಲೋಟ ತೊಳೆದು, ಮತ್ತೊಮ್ಮೆ ತೊಳೆದಳು.

“ಚಿಕ್ಕದಾದದ್ದು ಈ ಮನೆಯಿಂದ,” ಅಂದಳು.

ಅಲ್ಲ ಎನ್ನಲು ಬಾಯಿ ತೆರೆದೆ. ಅದು ನಿಜವಾಗಿತ್ತು. ಅವಳ ತಪ್ಪಾಗಿರಲಿಲ್ಲ, ನನ್ನ ತಪ್ಪೂ ಆಗಿರಲಿಲ್ಲ, ಆದರೂ ನಿಜವಾಗಿತ್ತು.  ಕರೆಯುವುದನ್ನು ಅವಳು ನಿಲ್ಲಿಸಿದಳು. ನಾನು ಠಾಣೆ ಪಟ್ಟಣದ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿಕೊಂಡೆ. ಭಾನುವಾರಗಳಲ್ಲಿ ಕಲ್ಯಾಣಿಗೆ ಹೋಗುತ್ತಿದ್ದೆ, ಆದರೆ ಪಾಠಕ್ಕಿಂತ ಹೆಚ್ಚಾಗಿ ಸರ್ ಒಬ್ಬರೇ ಇರುತ್ತಾರಲ್ಲ ಎಂದು. ಮೊದಲು ಒಂಟಿತನಕ್ಕೆ ಒಂದು ಕಾರಣವಿತ್ತು, ಯಾವುದಕ್ಕೋ ತಯಾರಾಗುತ್ತಿದ್ದೇನೆ ಅನ್ನುವ ಕಾರಣ. ಈಗ ಅದೂ ಇರಲಿಲ್ಲ.

ಮುಂದಿನ ಚಳಿಗಾಲದಲ್ಲಿ ಫೋನ್ ಬಂತು. ಅದೇ ಆರ್ಕೆಸ್ಟ್ರಾದವರು. ಅವರು ನುಡಿಸಲಿದ್ದ ಒಂದು ಕೃತಿಯಲ್ಲಿ ಟ್ರಂಪೆಟ್ ವೇದಿಕೆಯ ಮೇಲೆ ಇರಬಾರದು. ಸಭಾಂಗಣದ ಹೊರಗೆ, ಕಾರಿಡಾರಿನಲ್ಲಿ, ಯಾರಿಗೂ ಕಾಣದೆ ನುಡಿಸಬೇಕು, ದೂರದ ಗುಡ್ಡದಿಂದ ಬಂದ ಹಾಗೆ ಕೇಳಬೇಕು. ಅವರಲ್ಲಿದ್ದ ದೊಡ್ಡ ಸ್ವರದವರು ಎಷ್ಟು ತಗ್ಗಿಸಿದರೂ ಹತ್ತಿರವೇ ಕೇಳುತ್ತಿತ್ತಂತೆ. ಪರದೆಯಾಚೆ ಬಹಳ ಹೊತ್ತು ಸುಮ್ಮನೆ ನಿಂತು ಆಮೇಲೆ ನುಡಿಸಿದ ಆ ಚಿಕ್ಕ ಸ್ವರದವರು ಯಾರು ಎಂದು ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಕೇಳಿದರಂತೆ. ಒಂದೇ ಸಂಗೀತ ಕಚೇರಿ, ಭಾನುವಾರ ಸಂಜೆ. ಅಪ್ಪ ಬರುತ್ತೇನೆಂದಿದ್ದರು, ಆ ದಿನವೇ ಹೋಟೆಲಿನ ಭಟ್ಟರು ಊರಿಗೆ ಹೋಗಿ ಅವರಿಗೆ ಬರಲಾಗಲಿಲ್ಲ. ಸರ್ ಒಂದು ಮದುವೆಗೆ ನುಡಿಸಲು ಒಪ್ಪಿಕೊಂಡಿದ್ದರು. ನಾನು ಒಬ್ಬಳೇ ಹೊರಟು ಚಪ್ಪಲಿ ಹಾಕುತ್ತಿದ್ದೆ. ಅಮ್ಮ ಸೀರೆ ಬದಲಿಸಿ ಬಂದು ನಿಂತಿದ್ದಳು.

“ಹಾಲ್ ಒಳಗೆ ಕೂತುಕೊಳ್ಳಲು ನನ್ನಿಂದಾಗದು. ನೀನು ಹೊರಗೆ ನುಡಿಸುವುದಲ್ವಾ?”

ಠಾಣೆಯಿಂದಾಚೆ ಅವಳು ರೈಲಿನಲ್ಲಿ ಹೋಗಿ ವರ್ಷಗಳಾಗಿದ್ದವು. ಮಧ್ಯಾಹ್ನದ ಸ್ಲೋ ಲೋಕಲ್ ಹಿಡಿದೆವು. ಕಿವಿಗೆ ಹತ್ತಿ, ಕಣ್ಣಿಗೆ ಅಪ್ಪನ ಕಪ್ಪು ಕನ್ನಡಕ, ಸೆರಗು ತಲೆಯ ಮೇಲೆ. ಕಳವಾ ಬಂದಾಗ ಹೋಟೆಲಿನ ದಿಕ್ಕಿಗೆ ಒಮ್ಮೆ ತಿರುಗಿ ನೋಡಿದಳು. ಎದುರಿನಿಂದ ಫಾಸ್ಟ್ ಗಾಡಿ ಬಂದಾಗಲೆಲ್ಲ ನಾನು ಮೊದಲೇ ನೋಡಿ ಅವಳ ಮೊಣಕೈ ಒತ್ತುತ್ತಿದ್ದೆ, ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಕಾರಿಡಾರಿನಲ್ಲಿ ಬೆಂಕಿ ಆರಿಸುವ ಮರಳಿನ ಬಕೆಟುಗಳು, ಒಂದು ಪ್ಲಾಸ್ಟಿಕ್ ಕುರ್ಚಿ. ಅಮ್ಮನನ್ನು ಅದರಲ್ಲಿ ಕೂರಿಸಿದೆ. ಒಳಗೆ ಕೃತಿ ಶುರುವಾಯಿತು; ಮುಚ್ಚಿದ ಬಾಗಿಲಿನಿಂದ ಮಂಕಾಗಿ ಕೇಳುತ್ತಿತ್ತು. ಸ್ವರಲಿಪಿಯ ಪುಸ್ತಕ ಹಿಡಿದ ಹುಡುಗಿಯೊಬ್ಬಳು ಬಾಗಿಲ ಬಳಿ ನಿಂತು, ನನ್ನ ಜಾಗ ಬಂದಾಗ ಬಾಗಿಲನ್ನು ಗೇಣಗಲ ತೆರೆದು ಕೈ ಎತ್ತಬೇಕು. ಕಾದೆವು. ಅಮ್ಮ ಕಿವಿಯ ಹತ್ತಿ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. ಬೇಡ ಎಂದು ತಲೆಯಾಡಿಸಿದೆ. ಅವಳು ನನ್ನ ಕಡೆ ನೋಡಲಿಲ್ಲ. ಹುಡುಗಿ ಬಾಗಿಲು ತೆರೆದು ಕೈ ಎತ್ತಿದಳು. ನುಡಿಸಿದೆ. ಕಪಾಟಿನ ಸೀರೆಗಳಿಗೆ, ಖಾಡಿಯ ಕೆಸರಿಗೆ ನುಡಿಸಿದ್ದಕ್ಕಿಂತ ಬೇರೆಯಾಗಿರಲಿಲ್ಲ ಆ ಸ್ವರ. ಆದರೆ ಒಳಗಿದ್ದ ಅಷ್ಟೂ ವಾದ್ಯಗಳು ಅದಕ್ಕಾಗಿ ನಿಂತು, ಅದು ಮುಗಿದ ಮೇಲೆ ಮುಂದೆ ಹೋದವು.

ಕೃತಿ ಮುಗಿದಾಗ ಚಪ್ಪಾಳೆ ಬಾಗಿಲಿನಾಚೆ ಎದ್ದಿತು. ಆ ಹುಡುಗಿ ನನ್ನ ತೋಳು ಹಿಡಿದು, ಕಂಡಕ್ಟರ್ ನಿಮ್ಮನ್ನು ಒಳಗೆ ಕರೆಯುತ್ತಿದ್ದಾರೆ ಎಂದು ದೂಡಿದಳು. ಹೋಗಿ ವೇದಿಕೆಯ ಅಂಚಿನಲ್ಲಿ ನಿಂತೆ. ಕಣ್ಣಿಗೆ ಹೊಡೆಯುವ ಬೆಳಕು. ಜನ ನನ್ನ ಕಡೆ ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಎಲ್ಲರೂ ಮಾಡುವ ಹಾಗೆ ನಾನೂ ಸಾಲು ಸಾಲಾಗಿ ಹುಡುಕಿದೆ. ಆ ಸಭಾಂಗಣದಲ್ಲಿ ನನಗೆ ಗೊತ್ತಿದ್ದ ಒಂದು ಮುಖವೂ ಇರಲಿಲ್ಲ. ಬಗ್ಗಿ ನಮಸ್ಕಾರ ಮಾಡಿ ಬೇಗ ಬೇಗ ಹೊರಗೆ ಬಂದೆ.

ಅಮ್ಮ ಕುರ್ಚಿ ಬಿಟ್ಟು ಎದ್ದು ನಿಂತಿದ್ದಳು. ಮುಖ ಬಿಳಿಚಿತ್ತು; ನೋವು ಶುರುವಾಗಿದೆ ಎಂದು ನೋಡಿದೊಡನೆ ತಿಳಿಯಿತು. ಪೆಟ್ಟಿಗೆ ಮುಚ್ಚಿ, ಅವಳ ಕೈ ಹಿಡಿದು ಮೆಟ್ಟಿಲ ಕಡೆ ನಡೆಸಿದೆ.

“ಒಳಗೆ ತುಂಬ ಜನ ಇದ್ರಾ?”

“ತುಂಬ.”

“ಎಲ್ಲರಿಗೂ ಕೇಳಿಸ್ತಾ?”

“ಕೇಳಿಸ್ತು. ಆದರೆ ದೂರದಿಂದ ಅಮ್ಮ. ದೂರದಿಂದಲೇ ಕೇಳಬೇಕು ಅವರಿಗೆ.”

ಒಂದು ಮೆಟ್ಟಿಲು ಇಳಿದು ನಿಂತಳು. ಕಂಬಿಯನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಂಡೇ ಹೇಳಿದಳು:

“ನಾನು ಹತ್ತಿರದಿಂದ ಕೇಳಿದೆ.”